ಕ್ಲಿಂಗನ್‌ನಲ್ಲಿ ‘ಇಂದ… ವರೆಗೆ’

ಪ್ರಶ್ನೆ: ‘ಸ್ಟಾರ್ ಟ್ರೆಕ್’ ಕಥೆಗಳ ಅನ್ಯಗ್ರಹ ಜನಾಂಗವಾದ ಕ್ಲಿಂಗನ್‌ರಿಗಾಗಿ ಭಾಷೆ ಕಟ್ಟಿದ ಮಾರ್ಕ್ ಒಕ್ರಾಂಡ್ ಅವರ ನಿಘಂಟು ಹಿಡಿದು ಆ ಭಾಷೆ, ಕ್ಲಿಂಗನ್, ಕಲಿಯುತ್ತಿದ್ದೇನೆ. ‘ಸಭೆ ಎರಡರಿಂದ ಐದು ಗಂಟೆಯವರೆಗೆ’ ಎನ್ನಲು ಗಂಟೆಯ ಪದಗಳಿಗೆ -ವೊ' (ಇಂದ), -ಡಾಕ್ (ಅಲ್ಲಿ, ಅಲ್ಲಿಗೆ) ಹಚ್ಚಿದರೆ ತಪ್ಪು ಎನ್ನುತ್ತಾರೆ. ಏಕೆ?

ಉತ್ತರ: ಆ ಎರಡೂ ಜಾಗದ ಪ್ರತ್ಯಯಗಳು. ಕನ್ನಡದ ‘ಇಂದ’ ಊರಿಗೂ ಸೈ, ಗಂಟೆಗೂ ಸೈ, -ವೊ' ಹಾಗಲ್ಲ. ಅದು ಒಂದು ಸ್ಥಳ ಬಿಟ್ಟು ಹೊರಡುವುದನ್ನಷ್ಟೇ ಹೇಳುತ್ತದೆ. ‘ತಿಂಗ್‌ವೊ' 'ಎವ್‌ಡಾಕ್ ಚಾನ್‌ಡಾಕ್’ ಎಂಬ ನುಡಿಗಟ್ಟು ನೋಡಿ: ನೈಋತ್ಯದಿಂದ ವಾಯವ್ಯಕ್ಕೆ, ಪೂರ್ವಕ್ಕೆ. ಕ್ಲಿಂಗನ್‌ರಿಗೆ ಮುಖ್ಯ ದಿಕ್ಕುಗಳು ಮೂರೇ, ಹಾಗಾಗಿ ಇದರರ್ಥ ‘ಎಲ್ಲೆಲ್ಲೂ’. (ಬರಹದಲ್ಲಿನ ' ಗುರುತು ಗಂಟಲಲ್ಲಿ ಉಸಿರು ಕಡಿಯುವ ಸದ್ದು. ಷ, ಡ ಎರಡನ್ನೂ ನಾಲಿಗೆ ಮಡಿಸಿಯೇ ಹೇಳಿ. ಕನ್ನಡಿಗರಿಗೆ ಇದು ಸಲೀಸು.)

ಕಾಲಕ್ಕೆ ಬಂದಾಗ ವಾಕ್ಯವನ್ನೇ ಒಡೆಯಿರಿ: ‘ಚಾ'ವಾತ್ಲ್ ರೆಪ್ ತಾಘ್ ಕೆಪ್, ವಾಘ್‌ವಾತ್ಲ್ ರೆಪ್ ರಿನ್.’ ಎರಡು ಗಂಟೆಗೆ ಸಭೆ ಶುರು, ಐದಕ್ಕೆ ಮುಗಿದಿರುತ್ತದೆ. ಗಂಟೆ ವಾಕ್ಯದ ಮೊದಲಿಗೇ ಬರಬೇಕು, ಪ್ರತ್ಯಯ ಬೇಡ. ಇದು 24 ಗಂಟೆಯ ಲೆಕ್ಕ, ಹಾಗಾಗಿ ಇದು ನಸುಕಿನ ಸಭೆ. ಮಧ್ಯಾಹ್ನದ್ದಾದರೆ 14, 17 ಎನ್ನಬೇಕು.

ಎಷ್ಟು ಹೊತ್ತು ಎಂಬುದಷ್ಟೇ ಮುಖ್ಯವಾದರೆ ‘ಕಾಷ್‌ತಾಹ್‌ವಿಷ್ ವೆಜ್ ರೆಪ್’, ಅಂದರೆ ಮೂರು ಗಂಟೆ ನಡೆಯುತ್ತಿರುವಾಗ. ಹೊಸಬರು ಎಡವುವುದು ಇಲ್ಲೇ. ‘ಆಗ’ ಎನ್ನುವ -ವಿಷ್ ಬಂದಲ್ಲೆಲ್ಲ ಅದರ ಹಿಂದೆ ‘ಉತ್ತಿರು’ ಎನ್ನುವ -ತಾಹ್ ಇರಲೇಬೇಕು. ‘ಕಾಷ್‌ವಿಷ್’ ಎಂಬ ರೂಪವೇ ಇಲ್ಲ. ಇನ್ನೊಂದು, ‘ವೆಜ್ ರೆಪ್’ ಇಲ್ಲಿ ಕರ್ತೃ. ಕ್ಲಿಂಗನ್‌ನಲ್ಲಿ ಕರ್ಮ, ಕ್ರಿಯಾಪದ, ಕರ್ತೃ ಎಂಬುದೇ ಕ್ರಮ. ನಮ್ಮ ರೂಢಿಯಂತೆ ಕರ್ತೃವನ್ನು ಮುಂದೆ ತಂದರೆ ಕೆಡುತ್ತದೆ.

ಪ್ರಶ್ನೆ: ‘ಐದರಿಂದ ಹತ್ತು’ ಎಂಬ ಅಂಕಿಗಳ ವ್ಯಾಪ್ತಿಗೆ? ‘ನಡುವೆ’ ಎನ್ನುವುದಕ್ಕೆ?

ಉತ್ತರ: ಅಂಕಿಗೆ ಎರಡೂ ತುದಿ ಹೇಳಿಬಿಡುವುದು ಕ್ಷೇಮ: ‘ಮಿ' ವಾ'ಡಿಚ್ 'ಒಹ್ ವಾಘ್'ಎ', ಮಿ' ಕಾವ್ 'ಒಹ್ ವಾ'ಮಾಹ್'ಎ'.’ ಮೊದಲ ಸಂಖ್ಯೆ ಐದು, ಕೊನೆಯದು ಹತ್ತು. ಉದ್ದವಾಯಿತು ನಿಜ, ಆದರೆ ಹತ್ತು ಸೇರಿದೆಯೋ ಇಲ್ಲವೋ ಎಂಬ ಗೊಂದಲ ಉಳಿಯುವುದಿಲ್ಲ. ‘ಎರಡು ಮೂರು ದಿನ’ ಎಂಬ ಅಂದಾಜಿಗೆ ‘ಚಾ' ಜಾಜ್ ವೆಜ್ ಜಾಜ್ ಘಾಪ್’ ಸಾಕು. ‘ಅಥವಾ’ ಎನ್ನುವ ಘಾಪ್ ಕೊನೆಗೆ ಬರುತ್ತದೆ.

‘ನಡುವೆ’ಗೆ ‘ಜೊಜ್’ ಎಂಬ ನಾಮಪದವಿದೆ, ನಡುವಿನ ಜಾಗ ಎಂದರ್ಥ. ಮೇಜು ಕುರ್ಚಿಗಳ ನಡುವೆ: ‘ರಾಷ್ ಕುಷ್ ಜೆ ಜೊಜ್‌ಡಾಕ್’. ‘ಮತ್ತು’ ಎನ್ನುವ ಜೆ ಎರಡೂ ಪದಗಳ ನಂತರ, -ಡಾಕ್ ಜೊಜ್‌ಗೆ ಮಾತ್ರ. ಮೇಜಿಗೂ ಕುರ್ಚಿಗೂ ಬೇರೆ ಬೇರೆ -ಡಾಕ್ ಹಚ್ಚಬೇಡಿ.