ಡ್ರಮಾಟಿಕ್ ಐರನಿ ಅಂದ್ರೆ ಏನು? ಅದು ಕತೆಯಲ್ಲಷ್ಟೇ ಇರುತ್ತದಾ?

ನೋಡುವವರಿಗೆ ಗೊತ್ತಿರುವ ಸತ್ಯ ಪಾತ್ರಕ್ಕೆ ಗೊತ್ತಿರುವುದಿಲ್ಲ. ಆ ಅಂತರದಿಂದ ಹುಟ್ಟುವ ನಗು, ಮರುಕ ಅಥವಾ ತಳಮಳವೇ ಡ್ರಮಾಟಿಕ್ ಐರನಿ.

ನಮ್ಮ ಕಾಸರಗೋಡು ಕಡೆ ಯಕ್ಷಗಾನ ನೋಡಿದವರಿಗೆ ಇದು ಹೊಸತಲ್ಲ. ವಿರಾಟಪರ್ವದ ಉತ್ತರಕುಮಾರನನ್ನೇ ತಗೊಳ್ಳಿ. ಸಾರಥಿಯೊಬ್ಬ ಸಿಕ್ಕಿದರೆ ಸಾಕು, ತನ್ನ ಯುದ್ಧ ನೋಡಿ ‘ಅರ್ಜುನನೇ ಬಂದನಾ’ ಅಂತ ಕೌರವರು ಬೆರಗಾಗಬೇಕು ಎಂದು ಹೆಂಗಸರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಅವನ ತಂಗಿಗೆ ನಾಟ್ಯ ಕಲಿಸುವ ಬೃಹನ್ನಳೆಯೇ ಅರ್ಜುನ! ಸಭೆಗೆಲ್ಲ ಗೊತ್ತು, ಅವನಿಗೆ ಗೊತ್ತಿಲ್ಲ. ಒಳ್ಳೆಯ ವೇಷಧಾರಿ ಈ ಜಾಗವನ್ನು ಬೇಗ ಬಿಡುವುದಿಲ್ಲ. ಮಾತು ಎಳೆದಷ್ಟೂ ನಗು ಜಾಸ್ತಿ. ಅದೇ ಪಂಚವಟಿಯಲ್ಲಿ ಸನ್ಯಾಸಿ ವೇಷದ ರಾವಣನಿಗೆ ಸೀತೆ ಭಿಕ್ಷೆ ತರುವಾಗ ಎದೆ ಡವಡವ ಅನ್ನುತ್ತದೆ. ಗೊತ್ತಿರುವ ಕತೆಗೂ ಜನ ರಾತ್ರಿಯಿಡೀ ಕೂರುವುದು ಇದಕ್ಕೇ ಅಂತ ನನ್ನ ಲೆಕ್ಕ.

ದಿನನಿತ್ಯದಲ್ಲೂ ಉಂಟು, ಅದರಲ್ಲೂ ಇಷ್ಟೊಂದು ಭಾಷೆಗಳಿರುವ ನಮ್ಮೂರಲ್ಲಿ. ಬಸ್ಸಿನಲ್ಲಿ ಇಬ್ಬರು ಮುಂದಿನ ಸೀಟಿನವರ ಬಗ್ಗೆ ತುಳುವಿನಲ್ಲಿ ಆಡಿಕೊಳ್ಳುತ್ತಾರೆ. ಆ ಮನುಷ್ಯನಿಗೆ ತುಳು ಚೆನ್ನಾಗಿ ಬರುತ್ತದೆ ಅಂತ ಕಂಡಕ್ಟರಿಗೆ ಗೊತ್ತು. ಅವನು ಸುಮ್ನೆ ಟಿಕೆಟ್ ಕೊಡುತ್ತಿರುತ್ತಾನೆ.

ಆದರೆ ಕೊಡೆ ಮರೆತ ದಿನವೇ ಮಳೆ ಬಂದರೆ ಅದು ಡ್ರಮಾಟಿಕ್ ಐರನಿ ಅಲ್ಲ. ಅಲ್ಲಿ ಮೊದಲೇ ತಿಳಿದು ನೋಡುತ್ತಿದ್ದವರು ಯಾರೂ ಇಲ್ಲ, ಅಲ್ವಾ?