ಮರು: ಡಿಕ್ಕಿ ಹೊಡೆಯದೆ ಒಳ್ಳೆಯ ಡಿಫೆನ್ಸ್‌ಮನ್ ಆಗೋಕೆ ಸಾಧ್ಯವಾ?

ಐಸ್ ಹಾಕಿಯಲ್ಲಿ ಮೈಮೇಲೆ ಬಿದ್ದು ಆಡದ ಸ್ವೀಡನ್ನಿನ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ನಿಕ್ಲಾಸ್ ಲಿಡ್‌ಸ್ಟ್ರಾಮ್‌ಗೆ ಏಳು ನಾರಿಸ್ ಟ್ರೋಫಿ (ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್ ವರ್ಷದ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ಪ್ರಶಸ್ತಿ) ಹೇಗೆ ಬಂತು ಅಂತ ಕೇಳಿದ್ದೀರಿ. ಗುಟ್ಟೆಲ್ಲ ಅಂತರದ ಲೆಕ್ಕದಲ್ಲಿ, ಕೋಲಿನಲ್ಲಿ ಇದೆ.

ಎದುರಾಳಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಿಡಿದು ನುಗ್ಗುವಾಗ ಡಿಫೆನ್ಸ್‌ಮನ್ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾನೆ. ಇಬ್ಬರ ನಡುವೆ ಒಂದು, ಹೆಚ್ಚೆಂದರೆ ಒಂದೂವರೆ ಕೋಲಿನಷ್ಟು ಜಾಗವಿರಬೇಕು. ಜಾಸ್ತಿಯಾದರೆ ಅವನು ಆರಾಮಾಗಿ ಹೊಡೆಯುತ್ತಾನೆ, ತೀರಾ ಕಡಿಮೆಯಾದರೆ ಪಕ್ಕದಿಂದ ನುಸುಳುತ್ತಾನೆ. ಲಿಡ್‌ಸ್ಟ್ರಾಮ್ ಗೋಲಿನ ನೇರಕ್ಕೆ ತಾವಿದ್ದು ಎದುರಾಳಿಯನ್ನು ಅಂಚಿನ ಗೋಡೆಯ ಕಡೆ ದಬ್ಬಿಕೊಂಡು ಹೋಗುತ್ತಿದ್ದರು, ಮುಟ್ಟದೆಯೇ! ಕೋಲಿನ ಬ್ಲೇಡ್ ಮಾತ್ರ ಐಸ್ ಬಿಟ್ಟು ಏಳುತ್ತಿರಲಿಲ್ಲ. ಪಾಸ್ ಹೋಗುವ ದಾರಿ ಅಲ್ಲೇ ಬಂದ್. ಹೊಸಬರು ಪಕ್ ನೋಡಿ ಏಮಾರುತ್ತಾರೆ. ನೋಡಬೇಕಾದ್ದು ಎದುರಾಳಿಯ ಎದೆ. ಡಿಕ್ಕಿಗೆ ಹೋಗಿ ಗುರಿ ತಪ್ಪಿತೋ, ಹಿಂದೆ ಉಳಿಯುವುದು ಗೋಲಿ (ಗೋಲ್‌ಕೀಪರ್) ಒಬ್ಬನೇ.

1564 ಪಂದ್ಯಗಳಲ್ಲಿ ಅವರ ಪೆನಾಲ್ಟಿ (ತಪ್ಪಾಟಕ್ಕೆ ಹೊರಗೆ ಕೂರಬೇಕಾದ ಸಮಯ) 514 ನಿಮಿಷ ಅಷ್ಟೇ. ಡಿಫೆನ್ಸ್‌ಮನ್‌ಗೆ ಇದು ನಂಬಲಾಗದಷ್ಟು ಕಡಿಮೆ.

ದಾಳಿಯಲ್ಲೂ ಅಷ್ಟೇ ಲೆಕ್ಕಾಚಾರ: ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆ, ಅಂದರೆ ಬ್ಲೂಲೈನ್‌ನಿಂದ ಜೋರಾದ ಹೊಡೆತಕ್ಕಿಂತ ಐಸ್‌ಗೆ ಹತ್ತಿರವಾಗಿ ಹೋಗುವ ಹೊಡೆತಕ್ಕೇ ಒತ್ತು. ಗೋಲಿಯ ಪ್ಯಾಡಿಗೆ ಬಡಿದು ಪುಟಿದದ್ದನ್ನು ಜೊತೆಯವರು ಒಳಗೆ ತಳ್ಳಬಹುದು. ಹಾಗೆಂದು ಗಟ್ಟಿ ಹೊಡೆತ ಬರುತ್ತಿರಲಿಲ್ಲ ಅಂತಲ್ಲ. 2006ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿನ್ಲೆಂಡ್ ವಿರುದ್ಧ ಸ್ವೀಡನ್ನಿನ ಗೆಲುವಿನ ಗೋಲು ಅವರದೇ.

ಇಂಥವರನ್ನು ಡೆಟ್ರಾಯ್ಟ್ ತಂಡ, ಲೀಗಿನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ 1989ರ ಡ್ರಾಫ್ಟ್‌ನಲ್ಲಿ ಆರಿಸಿಕೊಂಡದ್ದು ಮೂರನೇ ಸುತ್ತಿನಲ್ಲಿ, 53ನೆಯವರಾಗಿ. 20 ಸೀಸನ್, ನಾಲ್ಕು ಸ್ಟ್ಯಾನ್ಲಿ ಕಪ್ (ಲೀಗಿನ ಚಾಂಪಿಯನ್ ಪಟ್ಟ). ಏಳನೆಯ ನಾರಿಸ್ ಬಂದಾಗ ವಯಸ್ಸು 41. ಎಂಟು ಗೆದ್ದವರು ಬಾಬಿ ಆರ್ ಒಬ್ಬರೇ.