ಪಂದಿಕರಿಗೆ ಕೋಟ್ ದು ರೋನ್ ಹೊಂದುತ್ತದೆಯೇ?

ಪ್ರಶ್ನೆ: ಫ್ರಾನ್ಸಿನಲ್ಲಿರುವ ಅಣ್ಣನ ಮಗ ರಜೆಗೆ ಬಂದಾಗ ‘ಕೋಟ್ ದು ರೋನ್’ ಎಂಬ ರೆಡ್ ವೈನ್ ಎರಡು ಬಾಟಲಿ ಕೊಟ್ಟುಹೋಗಿದ್ದಾನೆ. ಕೈಲ್ ಮುಹೂರ್ತ ಹಬ್ಬದ ದಿನ ನೆಂಟರಿಗೆ ಕೊಡೋಣವೆಂದಿದ್ದೇನೆ. ಪಂದಿಕರಿ (ಹಂದಿ ಮಾಂಸದ ಪಲ್ಯ), ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಸೇರುತ್ತದೆಯೇ? ನಮಗೆ ಗೊತ್ತಿರುವುದು ಮನೆಯಲ್ಲಿ ಮಾಡುವ ಸಿಹಿ ವೈನ್ ಮಾತ್ರ.
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಧಾರಾಳವಾಗಿ ಕೊಡಿ. ಪಂದಿಕರಿಗೆ ಹೊರದೇಶದ ಒಂದೇ ಒಂದು ವೈನ್ ಆರಿಸಿ ಎಂದರೆ ನಾನು ಕೈ ಹಾಕುವುದು ಇದಕ್ಕೇ.

ಕಾರಣ ಕಾಳುಮೆಣಸು. ಕೋಟ್ ದು ರೋನ್ ಸಾಮಾನ್ಯವಾಗಿ ಹಲವು ತಳಿಯ ದ್ರಾಕ್ಷಿಗಳ ಮಿಶ್ರಣ. ಆಗ್ನೇಯ ಫ್ರಾನ್ಸಿನ ರೋನ್ ಕಣಿವೆಯಲ್ಲಿ, ಅದರಲ್ಲೂ ಅವಿನ್ಯೋನ್ ಸುತ್ತಮುತ್ತ ಹೆಚ್ಚು ತಯಾರಾಗುತ್ತದೆ. 1937ರಿಂದ ಆ ಹೆಸರಿಗೆ ಕಾನೂನಿನ ಕಟ್ಟುಪಾಡಿದೆ. ಗ್ರೆನಾಶ್ ತಳಿಯಿಂದ ಮಾಗಿದ ಹಣ್ಣಿನ ಘಮ ಬರುತ್ತದೆ, ಬಣ್ಣ ಮಾತ್ರ ತೆಳು. ಆ ಕೊರತೆ ತುಂಬುವುದು ಸಿರಾ. ನಮ್ಮಲ್ಲಿ ಶಿರಾಜ್ ಎನ್ನುವುದು ಇದನ್ನೇ. ಮೂರ್ವೆದ್ರ್ ಒಗರನ್ನೂ ಗಟ್ಟಿತನವನ್ನೂ ಸೇರಿಸುತ್ತದೆ. ಸಿರಾದ ಸಿಪ್ಪೆಯಲ್ಲಿ ರೊಟಂಡೋನ್ ಎಂಬ ಪರಿಮಳದ ಅಂಶವಿದೆ. ನಿಮ್ಮ ತೋಟದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸಿಗೆ ಆ ಘಮ ಕೊಡುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪ್ರಕಟಿಸಿದ್ದು 2008ರಲ್ಲಿ. ಕಪ್ಪಗೆ ಹುರಿದ ಮಸಾಲೆಯ ಪಂದಿಕರಿ ಬಾಯಲ್ಲಿರುವಾಗ ಒಂದು ಗುಟುಕು ಕುಡಿದು ನೋಡಿ, ಎರಡೂ ಒಂದೇ ಮನೆಯವು ಅನ್ನಿಸುತ್ತದೆ. ಚರ್ಮ ಸಮೇತದ ಕೊಬ್ಬಿನ ತುಂಡು ವೈನಿನ ಒಗರನ್ನೂ ತಗ್ಗಿಸುತ್ತದೆ.

ಎಚ್ಚರ ಬೇಕಾದದ್ದು ಕಾಚಂಪುಳಿಯಲ್ಲಿ, ಅಂದರೆ ಹಣ್ಣಿನಿಂದ ಮಾಡುವ ಕಪ್ಪು ಹುಳಿರಸದಲ್ಲಿ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗಿ ಸತ್ತೇ ಹೋಗುತ್ತದೆ. ಕಾಚಂಪುಳಿ ಬಿಡಿ ಎಂದು ನಾನಂತೂ ಹೇಳಲಾರೆ. ಅದಿಲ್ಲದ್ದು ಪಂದಿಕರಿಯೇ ಅಲ್ಲ. ಮಾಂಸ ಬೆಂದು, ನೀರು ಇಂಗಿ, ಮಸಾಲೆ ಹಿಡಿದ ಮೇಲೆ ಕೊನೆಯಲ್ಲಿ ಅರ್ಧರ್ಧ ಚಮಚ ಹಾಕುತ್ತಾ ರುಚಿ ನೋಡಿ. ಹುಳಿ ನಾಲಿಗೆಗೆ ಮುಟ್ಟಿತು ಅನ್ನುವಾಗ ನಿಲ್ಲಿಸಿ, ಹಲ್ಲು ಚುಳ್ ಅನ್ನುವವರೆಗೆ ಹೋಗಬೇಡಿ. ಖಾರಕ್ಕೆ ಗಾಂಧಾರಿ ಮೆಣಸಿಗಿಂತ ಕಾಳುಮೆಣಸನ್ನೇ ನೆಚ್ಚಿಕೊಳ್ಳಿ. ಈ ವೈನಿನಲ್ಲಿ ಮದ್ಯಾಂಶ ಸಾಮಾನ್ಯವಾಗಿ ಶೇ 13ರಿಂದ 15. ಮೆಣಸಿನಕಾಯಿಯ ಉರಿಯನ್ನು ಅದು ಇನ್ನಷ್ಟು ಕೆರಳಿಸುತ್ತದೆ.

ಮಳೆಗಾಲದ ಅಣಬೆ ಸಾರು, ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸದ ಹುರುಕಲು – ಇವಕ್ಕೂ ಚೆನ್ನ. ಹುಳಿ ಮೀನುಸಾರಿಗೆ ಬೇಡ. ಬೈಂಬಳೆ (ಕಳಲೆ) ಕರಿಗೂ ಬೇಡ. ಕಳಲೆಯ ಹುಳಿವಾಸನೆಯ ಮುಂದೆ ಹಣ್ಣಿನ ಘಮ ಉಳಿಯುವುದಿಲ್ಲ.

ಸಿಹಿ ವೈನ್ ಕುಡಿದು ರೂಢಿಯಾದ ಹಿರಿಯರಿಗೆ ಮೊದಲ ಗುಟುಕು ಕಹಿ ಎನಿಸಬಹುದು. ಆದ್ದರಿಂದ ಊಟಕ್ಕೆ ಮುಂಚೆ ಬರೀ ವೈನ್ ಕೊಡಬೇಡಿ. ಎಲೆಗೆ ಕಡಂಬುಟ್ಟು, ಕರಿ ಬಡಿಸಿದ ಮೇಲೆ ಗ್ಲಾಸಿನ ಮೂರನೇ ಒಂದು ಭಾಗದಷ್ಟು ಸುರಿಯಿರಿ. ಅದಕ್ಕೆ ಮೊದಲು ಬಾಟಲಿ ಅರ್ಧ ಗಂಟೆ ಫ್ರಿಜ್‌ನಲ್ಲಿರಲಿ: 16 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹದ. ಐಸ್ ಹಾಕಬೇಡಿ.

ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಗ್ರೆನಾಶ್ ಗಾಳಿಗೆ ಬೇಗ ಕೆಡುತ್ತದೆ. ಮುಂದಿನ ಹಬ್ಬಕ್ಕೆ ಇದು ಸಿಗದಿದ್ದರೆ ನಂದಿಬೆಟ್ಟದ ತಪ್ಪಲಲ್ಲಿ ತಯಾರಾಗುವ ಕಾಬರ್ನೆ–ಶಿರಾಜ್ ಮಿಶ್ರಣ ಕೇಳಿ ನೋಡಿ. ಒಗರು ತುಸು ಹೆಚ್ಚು, ಪಂದಿಕರಿಯ ಕೊಬ್ಬಿಗೆ ಅದೂ ಒಗ್ಗುತ್ತದೆ.